ಹತ್ತು ಬೆರಳು

ಜೂನ್ 8, 2010, ಮಂಗಳವಾರ

ಇದು ಹೋದ ವರ್ಷದ ಡೈರಿ. ಪೀಣ್ಯದಲ್ಲಿ ಡ್ರಿಲ್ ಬಿಟ್ ಮಾರುವ ಅಂಗಡಿಯವರು ನಮ್ಮನೆಯವರಿಗೆ ಕೊಟ್ಟದ್ದು. ಒಂದು ಹಾಳೆಯೂ ಬರೆದಿರಲಿಲ್ಲ. ಅಚ್ಚಾದ ವಾರ ಒಂದು ದಿನ ಹಿಂದಿದೆ, ಹೊಡೆದುಹಾಕಿ ತಿದ್ದಿಕೊಂಡಿದ್ದೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ, ಕುಚ್ಚು ಕಟ್ಟಲು ಸೀರೆ ಕೊಟ್ಟವರ ಹೆಸರು ಬಿಟ್ಟು ಬೇರೇನೂ ಬರೆದವಳಲ್ಲ ನಾನು. ಬರೆಯಲು ಹೇಳಿದ್ದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ದಸ್ತಗೀರ್ ಸಾಬರು.

"ದಿನಾ ಬೆರಳು ನೋಡ್ಬೇಕು ತಾಯಿ. ಹತ್ತೂ ಕಾಣ್ತಿರಬೇಕು, ಗುಲಾಬಿ ಬಣ್ಣ ಇರಬೇಕು. ನೀಲಿ ಆದ್ರೆ, ಇಲ್ಲ ಬೆರಳು ಒಳಗೆ ಹೋದ್ರೆ, ಮಂಗಳವಾರದ ತನಕ ಕಾಯ್ಬೇಡಿ, ಓಡಿ ಬನ್ನಿ. ಮರೆತುಹೋಗುತ್ತೆ ಅಂದ್ರೆ ಬರೆದಿಡಿ."

ನಾನು ಮರೆಯುವವಳಲ್ಲ. ಮರೆಯಲು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಾಪು ಹುಟ್ಟಿ ಐದು ವಾರ. ಎರಡು ಪಾದವೂ ಒಳಕ್ಕೆ ಮಡಚಿಕೊಂಡಿವೆ, ಅಂಗಾಲು ಅಂಗಾಲನ್ನೇ ನೋಡುತ್ತವೆ. ವಾರಕ್ಕೊಂದು ಸಲ ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರಂತೆ. ಐದಾರು ವಾರ. ಸರಿಹೋದರೆ ಎಲ್ಲರ ಹಾಗೆ ನಡೆಯುತ್ತಾಳೆ. ಸರಿಹೋಗದಿದ್ದರೆ ದೊಡ್ಡ ಆಪರೇಷನ್.

ಡಾಕ್ಟ್ರು ಪಾದ ಹಿಡಿದಾಗ ಪಾಪು ಕಿರುಚಿ ಕಾಲು ಬಿಗಿ ಮಾಡಿಕೊಂಡಳು. "ಎದೆಗೆ ಹಾಕ್ಕೊಳ್ಳಿ ತಾಯಿ. ಹಾಲು ಕುಡಿಯೋ ಮಗು ಕಾಲು ಸಡಿಲ ಬಿಡುತ್ತೆ," ಎಂದರು ದಸ್ತಗೀರ್ ಸಾಬರು. ರೂಮಿನಲ್ಲಿ ಅವರು, ಡಾಕ್ಟ್ರು, ಕಲಿಯಲು ಬಂದ ಇಬ್ಬರು ಗಂಡು ಹುಡುಗರು, ತೆರೆದ ಬಾಗಿಲಲ್ಲಿ ಸಾಲು. ಈಗಷ್ಟೇ ಕುಡಿಸಿದೆ ಎಂದು ಸುಳ್ಳು ಹೇಳಿದೆ. ಮಗು ಅಳುತ್ತಲೇ ಇತ್ತು. ಹಾಗೇ ಹಾಕಿದರು.

ಬೆರಳು ಹತ್ತು. ಗುಲಾಬಿ.

ಜೂನ್ 11, ಶುಕ್ರವಾರ

ಬೆರಳು ಹತ್ತು.

ಪಕ್ಕದ ಮನೆಯ ಯಲ್ಲಮ್ಮ ಪಾಪುವನ್ನು ನೋಡಲು ಬಂದರೆ ಅತ್ತೆ "ಮಲಗ್ಯದೆ" ಎಂದು ಬಾಗಿಲಿಂದಲೇ ಕಳಿಸಿದರು. ಪಾಪು ಮಲಗಿರಲಿಲ್ಲ. ನಾನು ಒಳರೂಮಿನಲ್ಲಿ ಗೋಡೆ ಕಡೆ ತಿರುಗಿ ಹಾಲು ಕುಡಿಸುತ್ತಿದ್ದೆ.

ನನಗೆ ತವರಿನಲ್ಲಿ ಬಾಣಂತನ ಮಾಡುವವರಿಲ್ಲ. ಅಮ್ಮ ತೀರಿಕೊಂಡ ವರ್ಷವೇ ತಮ್ಮಂದಿರಿಗೆ ಅನ್ನ ಮಾಡಲು ನಾನು ಶಾಲೆ ಬಿಟ್ಟದ್ದು. ಅದಕ್ಕೇ ಇಲ್ಲಿ ಮಾಕಳಿಯಲ್ಲಿ ಅತ್ತೆಯೇ ಮಾಡುತ್ತಿದ್ದಾರೆ. ನಮ್ಮತ್ತೆ ಮುನಿಕೆಂಪಮ್ಮನ ಬಾಯಿ ಜೋರು ಎಂದು ಊರಿಗೇ ಗೊತ್ತು. ಎಣ್ಣೆ ತಿಕ್ಕುವ ಕೈ ಮೆತ್ತಗಿದೆ ಎಂದು ನನಗೆ ಮಾತ್ರ ಗೊತ್ತು. ಪಾಪು ಹುಟ್ಟಿದ ದಿನದಿಂದ ಎಲೆ ಅಡಿಕೆ ಬಿಟ್ಟಿದ್ದಾರೆ. ಹಲ್ಲು ನೋವಂತೆ.

"ಆಲು ಕುಡಿಸೋದನ್ನ ಯಾರೂ ನೋಡ್ಬಾರ್ದು ಕಣಮ್ಮ. ಕಣ್ ಬಿದ್ರೆ ಬತ್ತೋಯ್ತದೆ. ಕಾಲೂ ಅಷ್ಟೆ, ಮುಚ್ಚೇ ಮಡಗು. ಕೇಳ್ದೋರಿಗೆ ಚಳಿ ಅನ್ನು. ನಾಮಕರಣ ಕಾಲು ನೆಟ್ಟಗಾದ್ಮೇಲೆ ಮಾಡಾನ."

ಗ್ರಹಣದ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದೇ ಇರುವುದೇ ನನಗೆ ಹೆದರಿಕೆ.

ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಸೂರ್ಯಗ್ರಹಣ. ನನಗೆ ಆರು ತಿಂಗಳು ನಡೆಯುತ್ತಿತ್ತು. ಏನೂ ಕತ್ತರಿಸಬೇಡ, ಏನೂ ಮಡಚಬೇಡ, ಸುಮ್ಮನೆ ಮಲಗಿರು ಎಂದು ಹೇಳಿ ಅತ್ತೆ ಹಿತ್ತಲಿಗೆ ಹೋದರು. ಒಂದು ರೇಷ್ಮೆ ಸೀರೆಗೆ ಎರಡೇ ಕುಚ್ಚು ಬಾಕಿ ಇತ್ತು. ಸಂಜೆ ಕೊಡಬೇಕಿತ್ತು. ಕಟ್ಟಿ, ಕತ್ತರಿ ತೆಗೆದು ದಾರ ಕತ್ತರಿಸಿದೆ. ಎರಡು ಸಲ.

ಎರಡು ಕಾಲು.

ಇದನ್ನು ಬರೆಯಬಾರದಿತ್ತೇನೋ. ಹಾಳೆ ಹರಿಯೋಣವೆಂದರೆ ಅದೇ ಹಾಳೆಯ ಹಿಂಬದಿಯಲ್ಲಿ ನಿನ್ನೆಯ ಬೆರಳು ಬರೆದಿದ್ದೇನೆ.

ಜೂನ್ 15, ಮಂಗಳವಾರ

ಬೆರಳು ಹತ್ತು.

ಇವರು ಬಾಟಲಿ ತಂದುಕೊಟ್ಟರು. "ಅಲ್ಲಿ ಅಷ್ಟು ಜನದ ಮುಂದೆ ನಿಂಗೆ ಕಷ್ಟ. ಡಬ್ಬಿ ಹಾಲು ಕಲಸ್ಕೊಂಡು ಹೋಗೋಣ," ಎಂದರು. ಶಿವರಾಮ್ ಎಂಬ ಹೆಸರಿನ ಈ ನನ್ನ ಗಂಡನೂ ನನ್ನಷ್ಟೇ ನಾಚಿಕೆಯವರು, ಬಾಯಲ್ಲಿ ಹೇಳುವುದಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕೆಲಸ. ಬಸ್ಸು ಜಾಲಹಳ್ಳಿ ಕ್ರಾಸಿನಲ್ಲಿ ಮುಕ್ಕಾಲು ಗಂಟೆ ನಿಂತಿತು. ಪಾಪು ಅತ್ತಳು. ಬಾಟಲಿಯ ನಿಪ್ಪಲನ್ನು ನಾಲಿಗೆಯಿಂದ ಹೊರಗೆ ದೂಡಿದಳು. ಮುಂದಿನ ಸೀಟಿನ ಮುದುಕಿ ತಿರುಗಿ, "ತಾಯಿ ಇದಾಳೆ, ಹಾಲೂ ಇದೆ, ಮಗೀಗೆ ಪ್ಲಾಸ್ಟಿಕ್ಕು ಯಾಕಮ್ಮ," ಎಂದಳು. ನನ್ನ ಎದೆ ಸೋರಿ ಬ್ಲೌಸು ಒದ್ದೆಯಾಗಿತ್ತು. ಸೆರಗು ಎರಡು ಸುತ್ತು ಸುತ್ತಿಕೊಂಡು ಕೂತೆ.

ಆಸ್ಪತ್ರೆ ಮುಟ್ಟಿದ್ದೇ ಬಾತ್‌ರೂಮಿಗೆ ಓಡಿದೆ. ಅಲ್ಲಿ ನೋಡಿದರೆ, ಚೆನ್ನಾಗಿ ಕಾಣಬೇಕೆಂದು ನಾನು ಹಾಕಿಕೊಂಡು ಹೋದದ್ದು ಮದುವೆಯ ಬ್ಲೌಸು, ಹಿಂದೆ ಹುಕ್ಕಿನದು. ಒಂದು ಕೈಯಲ್ಲಿ ಪಾಪು, ಇನ್ನೊಂದು ಕೈ ಬೆನ್ನಿನ ಮೇಲೆ. ಬಾಗಿಲ ಹೊರಗೆ ಯಾರೋ ಬಕೆಟ್ಟು ಕುಟ್ಟುತ್ತಿದ್ದರು. ಎರಡು ಗುಟುಕು ಕುಡಿದಳೋ ಇಲ್ಲವೋ.

ಪ್ಲಾಸ್ಟರ್ ಹಾಕುವಾಗ ಎಡಗಾಲು ಒದ್ದಳು. ದಸ್ತಗೀರ್ ಸಾಬರು ಒದ್ದೆ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದರು. ಮತ್ತೆ ಒದ್ದಳು. ಅವರು ಡಾಕ್ಟ್ರ ಮುಖ ನೋಡಿದರು. ಹಾಗೇ ಸುತ್ತಿ ಮುಗಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಜೂನ್ 19, ಶನಿವಾರ

ಬಲ ಐದು. ಎಡ ಮೂರು.

ಹತ್ತು ಗಂಟೆ. ಎಡ ಎರಡು. ನನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಅತ್ತೆಯನ್ನು ಕರೆದೆ. ಅವರಿಗೂ ಎರಡೇ ಕಂಡವು.

ಸಂಜೆ. ಹೋಗಿ ಬಂದೆವು. ಕತ್ತರಿಸಿ ತೆಗೆದರು. ಒಳಗೆ ಪಾದ ಜಾರಿತ್ತು, ಮೊದಲಿನ ಹಾಗೆಯೇ ಮಡಚಿಕೊಂಡಿತ್ತು. ಎಡಗಾಲು ಮತ್ತೆ ಮೊದಲಿನಿಂದ, ಮಂಗಳವಾರ ಬನ್ನಿ, ಹೀಗೇ ಆದರೆ ಆಪರೇಷನ್ನಿಗೇ ಹೋಗಬೇಕಾಗುತ್ತದೆ ಎಂದರು ಡಾಕ್ಟ್ರು.

ದಸ್ತಗೀರ್ ಸಾಬರು ಬಾಗಿಲ ತನಕ ಬಂದರು. "ಪ್ಲಾಸ್ಟರು ಗಟ್ಟಿಯಾಗೋ ತನಕ, ಒಂದೈದು ನಿಮಿಷ, ಕಾಲು ಸುಮ್ನಿರಬೇಕು ತಾಯಿ. ತಿರುಗಿಸೋದು ನಮ್ಮ ಕೆಲಸ. ಸುಮ್ನಿರಿಸೋದು ನಮ್ಮ ಕೈಲಿಲ್ಲ. ಅದು ನಿಮ್ಮತ್ರ ಇರೋದು."

ಐದು ನಿಮಿಷ.

ಜೂನ್ 22, ಮಂಗಳವಾರ

ಇವತ್ತೂ ನನ್ನಿಂದ ಆಗಲಿಲ್ಲ. ಸೆರಗು ಸರಿಸಲು ಕೈ ಎತ್ತಿದೆ, ಕಲಿಯುವ ಹುಡುಗರಲ್ಲಿ ಒಬ್ಬ ಕೆಮ್ಮಿದ, ಕೈ ಇಳಿಸಿದೆ. ಪಾಪು ಅತ್ತು ಅತ್ತು ಸುಸ್ತಾಗಿ ತಾನೇ ಸುಮ್ಮನಾದಳು. ಆಗ ಹಾಕಿದರು. ಅವಳು ಸೋತದ್ದಕ್ಕೆ ಪ್ಲಾಸ್ಟರ್ ನಿಂತಿತು.

ಹೊರಗೆ ಬೆಂಚಿನಲ್ಲಿ ಅಳು ಬಂತು. ಪಕ್ಕದಲ್ಲಿ ನಸೀಮಾ ಎನ್ನುವವರು ಕೂತಿದ್ದರು, ಆರ್.ಟಿ. ನಗರದವರು. ಅವರ ಮಗನಿಗೂ ಹೀಗೇ, ಬಲಗಾಲು. ಅವರು ಎದುರಿಗೆ ಓಡಾಡುವ ಜನರ ನಡುವೆಯೇ ಮಗನಿಗೆ ಹಾಲು ಕುಡಿಸುತ್ತಾ, ಬಲಗೈಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದರು.

"ನಿಮಗೇನು, ಬುರ್ಖಾ ಇದೆ," ಎಂದುಬಿಟ್ಟೆ. ಎಂದ ಮೇಲೆ ತಪ್ಪಾಯಿತೇನೋ ಎಂದು ಹೆದರಿದೆ. ಅವರು ನಕ್ಕರು.

"ಬುರ್ಖಾ ಒಳಗೂ ನಾಚಿಕೆ ಬರುತ್ತೆ ಕಣ್ರೀ. ಮೊದಲ್ನೇ ವಾರ ನಾನೂ ಬಾತ್‌ರೂಮಿಗೆ ಓಡಿದ್ದೆ. ಆ ವಾಸನೆಗೆ ಇವನು ಬಾಯೇ ತೆಗೀಲಿಲ್ಲ. ನಾವಾದ್ರೆ ಅಲ್ಲಿ ಕೂತು ಊಟ ಮಾಡ್ತೀವಾ?"

ಆಚೆಗೆ ಹಾಕುವಷ್ಟು ಚೆನ್ನಾಗಿರುವುದು ಅದೊಂದೇ ಎಂದು ಇವತ್ತೂ ಅದೇ ಮದುವೆಯ ಬ್ಲೌಸು ಹಾಕಿದ್ದೆ. ಅವರು ನನ್ನ ಬೆನ್ನು ನೋಡಿ, "ಬಾಣಂತಿ ಯಾರಾದ್ರೂ ಹಿಂದೆ ಹುಕ್ಕಿನ ಬ್ಲೌಸ್ ಹಾಕ್ಕೊಂಡು ಆಚೆ ಬರ್ತಾರೇನ್ರೀ, ಬೀಗ ಹಾಕ್ಕೊಂಡು ಬಂದಂಗೆ," ಎಂದರು. ಅಳುತ್ತಿದ್ದವಳಿಗೆ ನಗು ಬಂತು.

ಮುಂದೆ ಹುಕ್ಕಿನದು ಹಾಕಿ, ಕೆಳಗಿನ ಎರಡೇ ಹುಕ್ಕು ಬಿಚ್ಚಿ. ಸೆರಗನ್ನು ಬಲಗಡೆಯಿಂದ ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ. ನೀವು ಬಗ್ಗಬೇಡಿ, ಮಗುವನ್ನು ಎತ್ತಿಕೊಳ್ಳಿ, ಮಗುವಿನ ತಲೆಯೇ ಎಲ್ಲ ಮುಚ್ಚುತ್ತದೆ. ಡಾಕ್ಟ್ರು ಕಾಲು ಮುಟ್ಟುವ ಮೊದಲೇ ಶುರು ಮಾಡಿ. ಇಷ್ಟು ಹೇಳಿ ಕೊನೆಗೆ, "ಸುತ್ತ ನೋಡ್ಬೇಡಿ. ನೀವು ಯಾರ್ನ ನೋಡ್ತೀರೋ ಅವರು ನಿಮ್ಮನ್ನ ನೋಡ್ತಾರೆ. ಮಗು ಮುಖ ನೋಡ್ತಾ ಕೂತ್ರೆ ಜನಕ್ಕೆ ಬೇರೆ ಕೆಲಸ ಇರುತ್ತೆ," ಎಂದರು.

ಬೆರಳು ಹತ್ತು.

ಜೂನ್ 25, ಶುಕ್ರವಾರ

ಬೆರಳು ಹತ್ತು.

ಬೀರು ಕನ್ನಡಿಯ ಮುಂದೆ ಮಣೆ ಹಾಕಿ ಕೂತು ನೋಡಿಕೊಂಡೆ. ಮೊದಲ ಸಲ ಸೆರಗು ಜಾರಿತು. ಎರಡನೆಯ ಸಲ ಪಾಪುವಿನ ಮೂಗೇ ಮುಚ್ಚಿತು. ಮೂರನೆಯ ಸಲ ಕನ್ನಡಿಯಲ್ಲಿ ಒಬ್ಬ ಹೆಂಗಸು ಮಗುವನ್ನು ಅಪ್ಪಿಕೊಂಡು ಕೂತಿದ್ದಳು, ಅಷ್ಟೇ ಕಂಡಿತು. ಅಷ್ಟರಲ್ಲಿ ಅತ್ತೆ ಬಂದರು.

"ಇದೇನಮ್ಮ, ಕನ್ನಡಿ ಮುಂದೆ ಕುಂತು ಆಲು ಕುಡಿಸ್ತಿದೀಯ. ನಿನ್ ಕಣ್ಣೇ ಬಿದ್ದಾತು."

ಬಾಗಿಲು ಹಾಕಿಕೊಂಡು ಹೋದರು. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಮಗುವಿಗಲ್ಲ, ನನಗೆ.

ಜೂನ್ 29, ಮಂಗಳವಾರ

ಮುಂದೆ ಹುಕ್ಕಿನ ಬ್ಲೌಸು ಹಾಕಿಕೊಂಡು ಹೋದೆ. ಎರಡನೆಯ ಹುಕ್ಕು ಸಿಕ್ಕಲೇ ಇಲ್ಲ, ದಾರ ಕಿತ್ತುಬಂತು. ದಸ್ತಗೀರ್ ಸಾಬರು ಬಕೆಟ್ಟಿನ ನೀರು ಬದಲಾಯಿಸುವ ನೆಪದಲ್ಲಿ ಆ ಕಡೆ ತಿರುಗಿದರು. ಕಲಿಯುವ ಹುಡುಗರಿಗೆ, "ಹತ್ತಿ ಎಲ್ಲಪ್ಪ, ನೋಡಿ ತಗೊಂಬನ್ನಿ," ಎಂದು ಹೇಳಿ ಕಳಿಸಿದರು. ಹತ್ತಿ ಮೇಜಿನ ಮೇಲೇ ಇತ್ತು.

ನಾನು ಪಾಪುವಿನ ಮುಖ ಮಾತ್ರ ನೋಡಿದೆ. ಅವಳ ಹುಬ್ಬು ಗಂಟಾಗಿತ್ತು. ಗುಟುಕು ಹಾಕುತ್ತಾ ಹಾಕುತ್ತಾ ಗಂಟು ಬಿಚ್ಚಿತು. ಆಮೇಲೆ ಕೈ ಬೆರಳು ಬಿಚ್ಚಿದವು. ಆಮೇಲೆ ಕಾಲು. ಡಾಕ್ಟ್ರು ಪಾದ ತಿರುಗಿಸಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಆಯ್ತು, ಎರಡೂ ಆಯ್ತು," ಎಂದರು ದಸ್ತಗೀರ್ ಸಾಬರು. ಹುಡುಗರು ಯಾವಾಗ ಒಳಗೆ ಬಂದಿದ್ದರೋ.

ಬೆನ್ನೆಲ್ಲ ಬೆವರು. ಇನ್ನು ಮೂರು ನಾಲ್ಕು ವಾರ ಹೀಗೇ ಮಾಡಬೇಕಲ್ಲ.

ನಸೀಮಾ ಸಿಕ್ಕರು. ಏನೋ ಧೈರ್ಯ ಬಂದು, ನಿಮ್ಮಲ್ಲೂ ಗ್ರಹಣ ನೋಡುತ್ತಾರಾ ಎಂದು ಕೇಳಿದೆ. "ಅಯ್ಯೋ, ನಮ್ಮತ್ತೆ ಆವತ್ತು ನನ್ನ ಚಾಪೆ ಮೇಲೆ ಅಂಗಾತ ಮಲಗಿಸಿ ಪಕ್ಕದಲ್ಲೇ ಕಾವಲು ಕೂತಿದ್ರು. ಸೊಳ್ಳೆ ಕಚ್ಚಿದ್ರೆ ಕೆರ್ಕೊಳ್ಳೋಕೂ ಬಿಡ್ಲಿಲ್ಲ. ಕತ್ತರಿ ಇರ್ಲಿ, ಬೆರಳೂ ಮಡಚಲಿಲ್ಲ ನಾನು. ಆದ್ರೂ ನೋಡಿ ಇವನ ಕಾಲು," ಎಂದರು.

ಬಸ್ಸಿನಲ್ಲಿ ಬರುವಾಗೆಲ್ಲ ಅದೇ. ಬೆರಳೂ ಮಡಚಲಿಲ್ಲ. ಆದರೂ.

ಬೆರಳು ಹತ್ತು.

ಜುಲೈ 6, ಮಂಗಳವಾರ

ಇವರಿಗೆ ರಜೆ ಸಿಗಲಿಲ್ಲ. ಅತ್ತೆ ಬಂದರು, ಕಪ್ಪು ಕೊಡೆ ಹಿಡಿದು.

ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತಿತು, ಎಂದಿನಂತೆ. ಪಾಪು ಶುರು ಮಾಡಿದಳು. "ತಡಿ, ಇನ್ನೇನು ಬಂತು," ಎಂದರು ಅತ್ತೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಕಿಟಕಿ ಕಡೆ ತಿರುಗಿ, ಸೆರಗು ಸಿಕ್ಕಿಸಿ ಎತ್ತಿಕೊಂಡೆ. ಸುಮ್ಮನಾದಳು. ಯಾರೂ ನೋಡಲಿಲ್ಲ. ಪಕ್ಕದವಳು ತನ್ನ ಫೋನು ನೋಡುತ್ತಿದ್ದಳು, ಎದುರಿನವಳು ನಿದ್ದೆ ಮಾಡುತ್ತಿದ್ದಳು.

ಆಗ ಅತ್ತೆ ಕೊಡೆ ಬಿಚ್ಚಿದರು.

ಬಸ್ಸಿನೊಳಗೆ, ನನ್ನ ಮುಂದೆ, ಟಪ್ ಎಂದು. ಪಕ್ಕದವಳ ಫೋನು ಬಿತ್ತು. ಎದುರಿನವಳು ಎದ್ದಳು. ಹಿಂದಿನ ಗಂಡಸರೆಲ್ಲ ಕತ್ತು ಉದ್ದ ಮಾಡಿದರು. ಕಂಡಕ್ಟರು, "ಅಜ್ಜಿ, ಬಸ್ಸು ಸೋರ್ತಿಲ್ಲ, ಕೊಡೆ ಮಡಚಿ," ಎಂದ.

"ನಿಂಗ್ಯಾಕಪ್ಪ, ನೀನು ಟಿಕೆಟ್ ಹರಿ. ನನ್ ಸೊಸೆ ಮಗೀಗೆ ಆಲು ಕುಡಿಸ್ತಾವ್ಳೆ. ಯಾರೂ ನೋಡ್ಬಾರ್ದು," ಎಂದರು ಅತ್ತೆ, ಡ್ರೈವರಿಗೂ ಕೇಳುವ ಹಾಗೆ.

ನಾನು ಸತ್ತೇಹೋದೆ ಎಂದುಕೊಂಡೆ. ಸಾಯಲಿಲ್ಲ. ಪಾಪು ಕುಡಿಯುತ್ತಲೇ ಇದ್ದಳು. "ಅತ್ತೆ, ಕೊಡೆ ಮಡಚಿ. ಅದಿಲ್ದಿದ್ರೇ ಯಾರೂ ನೋಡಲ್ಲ," ಎಂದೆ. ಅತ್ತೆಗೆ ಹೀಗೆ ನಾನು ಹೇಳಿದ್ದು ಮೊದಲ ಸಲ. ಅವರು ಸುತ್ತ ನೋಡಿದರು, ಮಡಚಿದರು. ಎದುರಿನವಳು ಮತ್ತೆ ನಿದ್ದೆಗೆ ಹೋದಳು.

ಪ್ಲಾಸ್ಟರ್ ರೂಮಿನಲ್ಲಿ ಅತ್ತೆ ಮೂಲೆಯ ಸ್ಟೂಲಿನಲ್ಲಿ ಬಾಯಿ ಬಿಡದೆ ಕೂತರು. ಪಾಪು ನನ್ನ ಎದೆಯಲ್ಲಿ, ಪಾದ ಡಾಕ್ಟ್ರ ಕೈಯಲ್ಲಿ. ಬಲಗಾಲು ಹೆಚ್ಚುಕಡಿಮೆ ನೆಟ್ಟಗಾಗಿದೆ. ಅತ್ತೆ ಎದ್ದು ಬಂದು ಹತ್ತಿರದಿಂದ ನೋಡಿದರು.

ವಾಪಸು ಬರುವಾಗ ಯಶವಂತಪುರದ ಬಸ್‌ಸ್ಟಾಪಿನಲ್ಲಿ ಕೂತಿದ್ದೆವು. ನಸೀಮಾ ಹೇಳಿದ್ದನ್ನು ಹೇಳಿದೆ. ಅತ್ತೆ ಮೂರು ಸಲ ಕೇಳಿದರು. "ಅಳ್ಳಾಡ್ದಂಗೆ ಮಲಗಿದ್ಲಾ? ಏನೂ ಕತ್ತರಿಸ್ನಿಲ್ವಾ? ನಿಜ ಯೋಳುದ್ಲಾ?"

"ಕತ್ತರಿಸಿದ್ದು ನಾನು ಅತ್ತೆ," ಎಂದೆ. "ಆವತ್ತು ಕುಚ್ಚಿನ ದಾರ. ಎರಡು ಸಲ."

ಅವರು ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಕೊಡೆಯ ಗುಂಡಿಯನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು.

"ನಾನು ಅಡಕೆ ಕತ್ತರಿಸ್ದೆ," ಎಂದರು. "ಇತ್ಲಲ್ಲಿ ಕುಂತ್ಕೊಂಡು. ನಿಂಗೆ ಮಲಿಕೋ ಅಂತ ಯೋಳಿ. ಮೂರು ಗಂಟೆ ಬಾಯಿ ಕಟ್ಕೊಂಡು ಇರಾಕಾಗ್ನಿಲ್ಲ. ಮನೇಲಿ ಬಸುರಿ ಮಡಿಕ್ಕೊಂಡು ಅಡಕೊತ್ತು ಆಡಿಸ್ದೆ ಕಣಮ್ಮ. ಮಗೀನ ಕಾಲು ನೋಡ್ದಾಗ್ಲಿಂದ ಒಂದ್ ಚೂರು ಬಾಯಿಗಾಕಿಲ್ಲ."

ಹಲ್ಲು ನೋವು.

ಬಸ್ಸು ಬಂತು. ಹತ್ತುವಾಗ ಅತ್ತೆ ಪಾಪುವನ್ನು ಎತ್ತಿಕೊಂಡರು. ಕಾಲಿನ ಮೇಲೆ ಬಟ್ಟೆ ಹೊದಿಸಿದ್ದು ಜಾರಿತ್ತು. ಹಾಗೇ ಬಿಟ್ಟರು.

ಬೆರಳು ಹತ್ತು. ಅತ್ತೆಯೂ ಎಣಿಸಿದರು.

ಜುಲೈ 13, ಮಂಗಳವಾರ

ಹತ್ತು. ಪ್ಲಾಸ್ಟರ್ ಬೇಗ ಆಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಈಗಲೇ ಆರು ಸೀರೆ ಬಂದಿವೆ, ಯಾವಾಗ ಕಟ್ಟುವುದೋ. ಬಾಟಲಿಯನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಜುಲೈ 20, ಮಂಗಳವಾರ

ಎಡಗಾಲೂ ನೇರಕ್ಕೆ ಬಂದಿದೆ. ಆದರೆ ಎರಡೂ ಹಿಮ್ಮಡಿ ಮೇಲಕ್ಕೇ ನಿಂತಿವೆ, ಕೆಳಗೆ ಇಳಿಯುತ್ತಿಲ್ಲ. ಹಿಮ್ಮಡಿಯ ಮೇಲಿನ ನರ ಬಿಗಿಯಂತೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚಿಕ್ಕದಾಗಿ ಚುಚ್ಚಿ, ಅದನ್ನು ಕತ್ತರಿಸುತ್ತಾರೆ, ಅದು ತಾನೇ ಉದ್ದವಾಗಿ ಕೂಡಿಕೊಳ್ಳುತ್ತದೆ ಎಂದರು ಡಾಕ್ಟ್ರು. ಕತ್ತರಿಸಿದರೆ ನೆಟ್ಟಗಾಗುತ್ತದೆ.

ನನ್ನನ್ನು ಹೊರಗೆ ಕೂರಿಸಿದರು. ಎರಡು ಕಾಲು. ಎರಡು ಸಲ. ಒಳಗಿಂದ ಎರಡು ಸಲ ಕಿರುಚಿದ್ದು ಕೇಳಿ, ಎದೆ ತಾನೇ ತೊಟ್ಟಿಕ್ಕಲು ಶುರುವಾಯಿತು.

ದಸ್ತಗೀರ್ ಸಾಬರು ಎತ್ತಿ ತಂದು ಕೈಗೆ ಕೊಟ್ಟರು. "ಬೇಗ ತಾಯಿ," ಎಂದರು. ಎಲ್ಲಿ ಕೂತೆನೋ ನೆನಪಿಲ್ಲ. ಸಿಮೆಂಟು ತಣ್ಣಗಿತ್ತು. ಯಾರೋ ಸ್ಟ್ರೆಚರು ತಳ್ಳಿಕೊಂಡು ಬಂದು, "ಕಾಲು ಸರಿಸಮ್ಮ," ಎಂದರು, ಸರಿಸಿದೆ. ಕೊನೆಯ ಪ್ಲಾಸ್ಟರು ಮೂರು ವಾರ ಇರಬೇಕು. ಹಿಮ್ಮಡಿಯ ಹತ್ತಿರ ಒಂದು ಚೂರು ರಕ್ತದ ಕಲೆ ಕಾಣುತ್ತದೆ. ಅದು ದೊಡ್ಡದಾಗುತ್ತಿದೆಯೋ ಎಂದು ಪೆನ್ನಿನಿಂದ ಸುತ್ತ ಗೆರೆ ಹಾಕಿದ್ದೇನೆ.

ಗೆರೆ ದಾಟಿಲ್ಲ. ಹತ್ತು.

ಆಗಸ್ಟ್ 10, ಮಂಗಳವಾರ

ಪ್ಲಾಸ್ಟರು ಬಿಚ್ಚಿದರು. ಎರಡು ಪಾದ ಮೇಜಿನ ಮೇಲೆ ನೆಟ್ಟಗೆ ಕೂತವು, ಬೇರೆ ಯಾರದೋ ಮಗುವಿನವು ಎಂಬಂತೆ. ದಸ್ತಗೀರ್ ಸಾಬರು ಎರಡಕ್ಕೂ ಬೆರಳು ಹೊರಗೆ ಕಾಣುವ ಪುಟ್ಟ ಬೂಟು ಹಾಕಿದರು, ನಡುವೆ ಒಂದು ಕಂಬಿ. ಮೂರು ತಿಂಗಳು ಸ್ನಾನಕ್ಕೆ ಮಾತ್ರ ತೆಗೆಯಬೇಕು, ಆಮೇಲೆ ನಾಲ್ಕು ವರ್ಷದ ತನಕ ಮಲಗುವಾಗ ಹಾಕಬೇಕು, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತದೆ. ಬಿಟ್ಟರೆ ಎಂದದ್ದೇ ಕಿವಿಯಲ್ಲಿದೆ.

ಸಾಲಿನಲ್ಲಿ ಹೊಸಬಳೊಬ್ಬಳು, ಸೋಲದೇವನಹಳ್ಳಿಯವಳಂತೆ. ಮಗುವನ್ನು ಎತ್ತಿಕೊಂಡು ಬಾತ್‌ರೂಮಿನ ಕಡೆ ಹೊರಟಿದ್ದಳು. ಅಲ್ಲಿ ನೆಲ ಒದ್ದೆ, ಜಾರುತ್ತೆ, ಇಲ್ಲೇ ಕೂತ್ಕೊಳ್ಳಿ ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟೆ. ನಾನು ಪಾಪುವಿಗೆ ಕುಡಿಸುತ್ತಿದ್ದೆ, ಆ ಕಂಬಿ ತೊಡೆಗೆ ಒತ್ತುತ್ತಿತ್ತು, ಹೇಗೆ ಹಿಡಿದರೂ ಸರಿಹೋಗುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಕೂತಳು. ಅವಳಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು. ನನ್ನ ಈ ನಾಚಿಕೆ ಯಾವಾಗ ಹೋಗುತ್ತದೋ.

ಹತ್ತು.

ಆಗಸ್ಟ್ 22, ಭಾನುವಾರ

ನಾಮಕರಣ ಆಯಿತು. ಧನಲಕ್ಷ್ಮಿ. ವರಮಹಾಲಕ್ಷ್ಮಿ ಹಬ್ಬ ಮುಗಿದ ಭಾನುವಾರ ಎಂದು ಅತ್ತೆ ಇಟ್ಟ ಹೆಸರು. ಇವರು ಆಗಲೇ ಧನು ಎನ್ನುತ್ತಿದ್ದಾರೆ.

ಪಾಯಸ ಗಟ್ಟಿಯಾಗಿಬಿಟ್ಟಿತು. ಶ್ಯಾವಿಗೆ ಜಾಸ್ತಿ ಹಾಕಿದ್ದು ನಾನೇ. ಹಾಲು ಬೆರೆಸಿ ಸರಿಮಾಡುವಷ್ಟರಲ್ಲಿ ಮೊದಲ ಪಂಕ್ತಿಗೆ ಬಡಿಸಿಯಾಗಿತ್ತು. ಇವರ ಚಿಕ್ಕಪ್ಪ ಸ್ಪೂನು ನಿಲ್ಲಿಸಿ ತೋರಿಸಿದರಂತೆ. ಯಾರು ಯಾರು ಏನೇನು ಅಂದುಕೊಂಡು ಹೋದರೋ.

ಯಲ್ಲಮ್ಮ ತೊಟ್ಟಿಲ ಹತ್ತಿರ ಬಂದು, ಹೊದಿಕೆಯ ಕಡೆ ನೋಡುತ್ತಾ, "ಮಗೀಗೆ ಚಳಿನಾ," ಎಂದಳು. ಅತ್ತೆ ಹೊದಿಕೆಯನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟರು.

"ನೋಡಮ್ಮ, ಕಣ್ತುಂಬ ನೋಡು. ಉಟ್ಟಿದಾಗ ಸೊಟ್ಟ ಇತ್ತು, ಈಗ ನೆಟ್ಟಗದೆ. ನನ್ ಸೊಸೆ ಆಲು ಕುಡಿಸಿ ಕುಡಿಸಿ ನೆಟ್ಟಗೆ ಮಾಡವ್ಳೆ."

ಹಾಗಲ್ಲ, ಡಾಕ್ಟ್ರು ಮಾಡಿದ್ದು ಎಂದು ನಾನು ಹೇಳಲು ಹೋದೆ. ಅತ್ತೆಯ ಬಾಯಿ ಕೆಂಪಗಿತ್ತು, ಎಲೆ ಅಡಿಕೆ ತುಂಬಿತ್ತು, ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ಅಷ್ಟು ಜನರನ್ನು ನೋಡಿ ಧನು ಅಳಲು ಶುರು ಮಾಡಿದಳು. ನಡುಮನೆಯ ಚಾಪೆಯಲ್ಲೇ ಕೂತು ಎತ್ತಿಕೊಂಡೆ. ಒಳಗೆ ಹೋಗಮ್ಮ ಎಂದರು ಯಾರೋ. ಒಳಗ್ ಸೆಕೆ ಎಂದೆ. ಎರಡನೇ ಪಂಕ್ತಿಗೆ ಪಾಯಸ ಸಾಲುತ್ತದೋ ಇಲ್ಲವೋ ಎಂದು ಅಲ್ಲಿಂದಲೇ ಪಾತ್ರೆ ನೋಡುತ್ತಾ ಕೂತಿದ್ದೆ. ಸಾಲಿತು.

ಎಲ್ಲರೂ ಹೋದರು. ಅತ್ತೆ ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದಾರೆ. ಡೈರಿ ತೆಗೆದ ಮೇಲೆ ನೆನಪಾಯಿತು, ಇವತ್ತು ಬೆಳಗಿನಿಂದ ಬೆರಳು ಎಣಿಸಿಲ್ಲ.

ಇವಳು ಕುಡಿಯುತ್ತಾ ಕುಡಿಯುತ್ತಾ ಮಡಿಲಲ್ಲೇ ನಿದ್ದೆ ಹೋಗಿದ್ದಾಳೆ, ಕಾಲು ಸೆರಗಿನ ಕೆಳಗಿದೆ. ಸರಿಸಿದರೆ ಏಳುತ್ತಾಳೆ.

ನಾಳೆ ಎಣಿಸಿದರಾಯಿತು.